ಮಗು ಮಂಕಾಗಿದೆ, ಏನು ಮಾಡಲಿ? ಹದಿಹರೆಯದ ಖಿನ್ನತೆ ಮತ್ತು ಆತ್ಮಹತ್ಯೆಯ ಅಪಾಯದ ಬಗ್ಗೆ ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ 22 ವರ್ಷ ಕನ್ನಡ ಪಾಠ ಮಾಡಿ ಈಗ ಮೈಸೂರಿನಲ್ಲಿ ನೆಲೆಸಿದ್ದೇನೆ. ನಾನು ವೈದ್ಯಳಲ್ಲ. ಆದರೆ ನನ್ನ ಮಗಳೇ ದ್ವಿತೀಯ ಪಿಯುಸಿಯಲ್ಲಿದ್ದಾಗ ಖಿನ್ನತೆಗೆ ಸಿಕ್ಕಿ ನರಳಿದಳು, ಚಿಕಿತ್ಸೆ ಪಡೆದು ಗುಣವಾದಳು. ಆ ಮೇಲೆ ಪೋಷಕರ ಸಭೆಗಳಲ್ಲಿ ಈ ವಿಷಯ ಮಾತನಾಡತೊಡಗಿದೆ. ಸಭೆ ಮುಗಿದ ನಂತರ ಎಲ್ಲರೂ ಹೊರಟ ಮೇಲೆ ಒಬ್ಬಿಬ್ಬರು ತಾಯಂದಿರು, ಒಬ್ಬ ತಂದೆ ಹಿಂದೆ ಉಳಿದುಕೊಂಡು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಈಗಲೇ, ಈ ರಾತ್ರಿಯೇ ಭಯವಾಗುತ್ತಿದೆ. ಮೊದಲು ಏನು ಮಾಡಲಿ?

ಮಗುವನ್ನು ಒಂಟಿಯಾಗಿ ಬಿಡಬೇಡಿ. ಒಬ್ಬರು ಪಕ್ಕದಲ್ಲೇ ಕುಳಿತಿರಿ, ಇನ್ನೊಬ್ಬರು ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅದು ಸಿಗದಿದ್ದರೆ 1800-891-4416. ಜೀವಕ್ಕೇ ಅಪಾಯ ಎನಿಸಿದರೆ 112 ಅಥವಾ ಆಂಬುಲೆನ್ಸ್‌ಗೆ 108.

ಏನನ್ನಾದರೂ ಕುಡಿದಿರಬಹುದು, ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಹೊರಡಿ. "ಚೆನ್ನಾಗಿಯೇ ಮಾತನಾಡುತ್ತಿದ್ದಾನೆ, ಬೆಳಿಗ್ಗೆ ನೋಡೋಣ" ಎಂದು ಕಾಯಬೇಡಿ. ಕೆಲವು ವಿಷಗಳ ಪರಿಣಾಮ ತಡವಾಗಿ ಕಾಣಿಸುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನವೂ ಬೇಡ. ಡಬ್ಬಿಯನ್ನೋ ಮಾತ್ರೆಯ ಹಾಳೆಯನ್ನೋ ಜೊತೆಗೆ ಕೊಂಡೊಯ್ಯಿರಿ, ವೈದ್ಯರಿಗೆ ಬೇಕಾಗುತ್ತದೆ.

ಈ ವಯಸ್ಸಿನಲ್ಲಿ ಎಲ್ಲರೂ ಹೀಗೇ ಅಲ್ಲವೇ? ಹರೆಯದ ಮುನಿಸು ಯಾವುದು, ಖಿನ್ನತೆ ಯಾವುದು?

ಹರೆಯದ ಮುನಿಸು ಬಂದು ಹೋಗುತ್ತದೆ. ಬೆಳಿಗ್ಗೆ ಬಾಗಿಲು ಬಡಿದು ಹೋದ ಹುಡುಗ ಸಂಜೆ ಕ್ರಿಕೆಟ್ ಆಡಿ ಬಂದು "ಅಮ್ಮ, ಹಸಿವು" ಎನ್ನುತ್ತಾನೆ. ಖಿನ್ನತೆ ಹಾಗೆ ಸರಿಯುವುದಿಲ್ಲ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಮನಸ್ಸು ಕುಸಿದಿದ್ದರೆ ಅಥವಾ ಇಷ್ಟದ ಸಂಗತಿಗಳಲ್ಲೂ ಆಸಕ್ತಿ ಬತ್ತಿಹೋಗಿದ್ದರೆ ವೈದ್ಯರು ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ. ಜೊತೆಗೆ ನಿದ್ದೆ ಕೆಡುತ್ತದೆ ಇಲ್ಲವೇ ವಿಪರೀತವಾಗುತ್ತದೆ, ಊಟ ಸೇರುವುದಿಲ್ಲ, ಸದಾ ಸುಸ್ತು, ಓದಿದ್ದು ತಲೆಗೆ ಹತ್ತುವುದಿಲ್ಲ, "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಎಂಬ ಮಾತು ಪದೇ ಪದೇ ಬರುತ್ತದೆ.

ನಾವು ಎಡವುವುದು ಇಲ್ಲಿ. ಖಿನ್ನತೆ ಎಂದರೆ ಮೂಲೆಯಲ್ಲಿ ಕುಳಿತು ಅಳುವುದು ಎಂದುಕೊಂಡಿರುತ್ತೇವೆ. ಹದಿಹರೆಯದಲ್ಲಿ ಅದು ದುಃಖದ ಬದಲು ಸಿಡುಕಾಗಿಯೇ ಕಾಣಿಸಿಕೊಳ್ಳಬಹುದು. ಮಾತುಮಾತಿಗೂ ರೇಗುವುದು, ತಂಗಿಯ ಮೇಲೆ ಹರಿಹಾಯುವುದು, ತಟ್ಟೆ ಎಸೆಯುವುದು. ನಮ್ಮ ಕಡೆ ಇದಕ್ಕೆ ಸಿದ್ಧವಾಗಿರುವ ಹೆಸರು "ಕೊಬ್ಬು". ಇನ್ನು ಕೆಲವು ಮಕ್ಕಳಲ್ಲಿ ಅದು ದೇಹದ ನೋವಾಗಿ ಬರುತ್ತದೆ: ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ದಿನವೂ ತಲೆನೋವು, ಪರೀಕ್ಷೆ ಮಾಡಿಸಿದರೆ ಏನೂ ಸಿಗುವುದಿಲ್ಲ. ಮಗು ನಾಟಕ ಆಡುತ್ತಿಲ್ಲ. ಆ ನೋವು ನಿಜವಾದದ್ದು.

ನನ್ನ ಮಗಳ ವಿಷಯದಲ್ಲಿ ಮೊದಲು ಹೇಳಿದ್ದು ಅವಳ ಊಟದ ಡಬ್ಬಿ. ಚಿತ್ರಾನ್ನ ಅವಳ ಪ್ರಾಣ. ಒಂದು ಸಂಜೆ ಡಬ್ಬಿ ತೆರೆದರೆ ನಾನು ಬೆಳಿಗ್ಗೆ ಮೇಲೆ ಉದುರಿಸಿದ್ದ ಕಡಲೆಕಾಯಿ ಬೀಜ ಕೂಡ ಕದಲಿರಲಿಲ್ಲ, ಚಮಚ ಒಣಗಿದಂತೆಯೇ ಇತ್ತು. ಮಾರನೆಯ ದಿನವೂ ಹಾಗೆಯೇ. ನಾಲ್ಕನೆಯ ದಿನ ನಾನು ಬೈದೆ: "ಬೆಳಿಗ್ಗೆ ಐದಕ್ಕೆ ಎದ್ದು ಮಾಡುತ್ತೇನೆ, ಬೆಲೆಯೇ ಇಲ್ಲವಾ?" ಅವಳು ಏನೂ ಹೇಳದೆ ಡಬ್ಬಿ ತೊಳೆದಿಟ್ಟಳು. ಅಂದಿನಿಂದ ಡಬ್ಬಿ ಖಾಲಿಯಾಗಿ ಬರತೊಡಗಿತು, ನಾನು ನಿಶ್ಚಿಂತಳಾದೆ. ದಾರಿಯಲ್ಲಿ ಅದನ್ನು ಹಸುವಿಗೆ ಹಾಕಿ ಬರುತ್ತಿದ್ದಳು ಎಂದು ತಿಳಿಯಲು ಆರು ವಾರ ಬೇಕಾಯಿತು. ನೂರಾರು ಮಕ್ಕಳ ಮುಖ ಓದಿದ್ದೇನೆ ಎಂದುಕೊಂಡಿದ್ದ ನನಗೆ ನನ್ನ ಮನೆಯ ಮಗುವಿನ ಮುಖ ಓದಲಾಗಲಿಲ್ಲ. ಅಂದು ಬೈಯುವ ಬದಲು ಪಕ್ಕದಲ್ಲಿ ಕುಳಿತು "ಊಟ ಸೇರುತ್ತಿಲ್ಲವಾ ಪುಟ್ಟ?" ಎಂದಿದ್ದರೆ ಆ ಆರು ವಾರ ಉಳಿಯುತ್ತಿತ್ತು.

ಯಾವ ಲಕ್ಷಣ ಕಂಡರೆ ಒಂದು ದಿನವೂ ಕಾಯಬಾರದು?

"ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ", "ಇನ್ನು ಸ್ವಲ್ಪ ದಿನ ಅಷ್ಟೇ" ಎಂಬಂಥ ಮಾತು, ತಮಾಷೆಯ ದನಿಯಲ್ಲಿ ಬಂದರೂ. ಸಾವಿನ ಬಗ್ಗೆ ಬರೆಯುವುದು, ಮೊಬೈಲಿನಲ್ಲಿ ಹುಡುಕುವುದು. ಕಾರಣವಿಲ್ಲದೆ ಎಲ್ಲರಿಂದ ಬೀಳ್ಕೊಳ್ಳುವಂತೆ ಮಾತನಾಡುವುದು. ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು. ನನ್ನ ತರಗತಿಯ ಹುಡುಗನೊಬ್ಬ ಒಮ್ಮೆ ತನ್ನ ಅಂಚೆಚೀಟಿಯ ಪುಸ್ತಕವನ್ನು ಪಕ್ಕದವನಿಗೆ ಸುಮ್ಮನೆ ಕೊಟ್ಟುಬಿಟ್ಟ. ಪಕ್ಕದವನಿಗೆ ಏನೋ ಸರಿಯಿಲ್ಲ ಎನಿಸಿ ನನ್ನ ಬಳಿ ತಂದ. ಆ ಸಂಜೆಯೇ ನಾವು ಅವನ ಮನೆಗೆ ಹೋದೆವು. ಹುಡುಗ ಇಂದು ಚೆನ್ನಾಗಿದ್ದಾನೆ. ಆ ದಿನ ಅವನನ್ನು ಉಳಿಸಿದ್ದು ಆ ಹದಿನಾಲ್ಕು ವರ್ಷದ ಗೆಳೆಯನ ಕಣ್ಣು.

ಇನ್ನೊಂದು ಲಕ್ಷಣ ಹೆತ್ತವರನ್ನು ಮೋಸಗೊಳಿಸುತ್ತದೆ. ವಾರಗಟ್ಟಲೆ ನರಳುತ್ತಿದ್ದ ಮಗು ಒಮ್ಮೆಲೇ ಶಾಂತವಾಗಿಬಿಡುತ್ತದೆ, ನಗುತ್ತದೆ. ಸದ್ಯ ಸರಿಹೋಯಿತು ಎಂದು ನಾವು ದೇವರಿಗೆ ಕೈಮುಗಿಯುತ್ತೇವೆ. ಚಿಕಿತ್ಸೆಯಿಂದ ನಿಧಾನವಾಗಿ ಬಂದ ನೆಮ್ಮದಿ ಬೇರೆ. ಕಾರಣವೇ ಇಲ್ಲದೆ ದಿಢೀರನೆ ಬಂದ ಶಾಂತಿ ಮನಸ್ಸಿನಲ್ಲಿ ಏನೋ ನಿರ್ಧಾರವಾಗಿರುವುದರ ಗುರುತೂ ಆಗಿರಬಹುದು. ಆಗ ಇನ್ನೂ ಹತ್ತಿರ ಇರಿ, ನೇರವಾಗಿ ಕೇಳಿ.

ಹಿಂದೆ ಒಮ್ಮೆ ಪ್ರಯತ್ನಿಸಿದ ಮಗುವಿಗೆ ಅಪಾಯ ಹೆಚ್ಚು. ಮನೆತನದಲ್ಲೋ ಗೆಳೆಯರಲ್ಲೋ ಇತ್ತೀಚೆಗೆ ಆತ್ಮಹತ್ಯೆ ನಡೆದಿದ್ದರೂ ಎಚ್ಚರ ಬೇಕು.

ಸಾಯುವ ವಿಚಾರ ಕೇಳಿದರೆ ನಾವೇ ಮಗುವಿನ ತಲೆಗೆ ಹುಳ ಬಿಟ್ಟಂತೆ ಆಗುವುದಿಲ್ಲವೇ?

ಇಲ್ಲ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬದಲಾಗಿ ತಿಂಗಳುಗಟ್ಟಲೆ ಒಬ್ಬನೇ ಹೊತ್ತ ಹೊರೆಯನ್ನು ಇಳಿಸಲು ಮಗುವಿಗೆ ಒಂದು ಜಾಗ ಸಿಗುತ್ತದೆ.

ಎದುರಾಬದುರು ಕೂರಿಸಿಕೊಂಡು ವಿಚಾರಣೆಯಂತೆ ಕೇಳಬೇಡಿ. ಸ್ಕೂಟರಿನಲ್ಲಿ ಹೋಗುವಾಗ, ಅವರೆಕಾಯಿ ಸುಲಿಯುತ್ತ ಕುಳಿತಾಗ, ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವಾಗ, ಕಣ್ಣು ಕಣ್ಣು ಸೇರದಂತಿದ್ದರೆ ಈ ವಯಸ್ಸಿನ ಮಕ್ಕಳಿಗೆ ಮಾತು ಸುಲಭ. ಮೊದಲು ಕಂಡದ್ದನ್ನು ಹೇಳಿ: "ಹದಿನೈದು ದಿನದಿಂದ ನೀನು ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಗೆಳೆಯರ ಫೋನ್ ತೆಗೆಯುತ್ತಿಲ್ಲ. ನನಗೆ ಕಳವಳವಾಗಿದೆ." ಆಮೇಲೆ ಬಳಸದೆ ಕೇಳಿ: "ಕೆಲವರಿಗೆ ತುಂಬಾ ನೋವಾದಾಗ ಸಾಯಬೇಕು ಅನಿಸುತ್ತದೆ. ನಿನಗೆ ಹಾಗೆ ಅನಿಸಿದೆಯಾ?" "ಅಂಥ ಹುಚ್ಚು ಯೋಚನೆ ಏನೂ ಇಲ್ಲ ತಾನೇ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರವನ್ನು ನೀವೇ ಬಾಯಿಗೆ ಇಟ್ಟಂತೆ.

"ಹೌದು" ಎಂದರೆ ನಿಮ್ಮ ಎದೆ ಒಡೆದಂತಾಗುತ್ತದೆ, ನನಗೆ ಗೊತ್ತು. ಆದರೂ ಆ ಕ್ಷಣ ಕೂಗಾಡಬೇಡಿ, ಎದೆ ಬಡಿದುಕೊಳ್ಳಬೇಡಿ. "ಹೇಳಿದ್ದು ಒಳ್ಳೆಯದಾಯಿತು. ನಾನಿದ್ದೇನೆ. ಇಬ್ಬರೂ ಸೇರಿ ದಾರಿ ಹುಡುಕೋಣ" ಎನ್ನಿ. ಹೇಗೆ ಎಂದು ಯೋಚಿಸಿದ್ದಾನೆಯೇ, ಯಾವಾಗ ಎಂದು ನಿರ್ಧರಿಸಿದ್ದಾನೆಯೇ, ಅದಕ್ಕೆ ಬೇಕಾದದ್ದು ಕೈಗೆ ಸಿಗುವಂತಿದೆಯೇ ಎಂಬುದನ್ನೂ ಕೇಳಿ. ಇವುಗಳಿಗೆ ಉತ್ತರ ಸಿದ್ಧವಿದ್ದರೆ ಅದು ತುರ್ತು, ಅಂದೇ ಆಸ್ಪತ್ರೆಗೆ ಹೋಗಬೇಕು. "ಯಾರಿಗೂ ಹೇಳಬೇಡ" ಎಂದು ಮಗು ಬೇಡಿಕೊಂಡರೆ ಆ ಮಾತು ಕೊಡಬೇಡಿ. "ಊರಿಗೆಲ್ಲ ಹೇಳುವುದಿಲ್ಲ. ಆದರೆ ನಿನ್ನನ್ನು ಉಳಿಸಿಕೊಳ್ಳಲು ಬೇಕಾದವರಿಗೆ ಹೇಳುತ್ತೇನೆ" ಎಂಬುದು ಪ್ರಾಮಾಣಿಕ ಉತ್ತರ.

ಏನು ಹೇಳಬಾರದು?

"ನಿನಗೇನು ಕಡಿಮೆ ಮಾಡಿದ್ದೇವೆ?" "ನಮ್ಮ ಕಾಲದಲ್ಲಿ ಚಪ್ಪಲಿಯೂ ಇರಲಿಲ್ಲ." "ಪಕ್ಕದ ಮನೆಯವನನ್ನು ನೋಡು." "ಧೈರ್ಯ ತಂದುಕೋ." "ನೀನು ಹೀಗೆ ಮಾಡಿದರೆ ನಾನೂ ಸಾಯುತ್ತೇನೆ." ಇವೆಲ್ಲ ನೋವಿನಿಂದಲೇ ಬರುವ ಮಾತುಗಳು, ಆದರೆ ಮಗುವಿನ ಕಿವಿಗೆ ಬೀಳುವುದು "ನಿನ್ನ ಕಷ್ಟ ಕಷ್ಟವೇ ಅಲ್ಲ" ಎಂದು.

ಇನ್ನೊಂದು, ಆಣೆ. "ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡು, ಇನ್ನು ಇಂಥದ್ದು ಯೋಚಿಸುವುದಿಲ್ಲ ಎಂದು" ಎನ್ನುತ್ತೇವೆ. ಮಗು ಆಣೆ ಮಾಡುತ್ತದೆ, ನಾವು ನಿರಾಳರಾಗುತ್ತೇವೆ. ಯೋಚನೆ ಮತ್ತೆ ಬಂದಾಗ ಆಣೆ ಮುರಿದ ಪಾಪಪ್ರಜ್ಞೆಯೂ ಸೇರಿಕೊಂಡು ಮಗು ನಮ್ಮ ಬಳಿ ಹೇಳುವುದನ್ನೇ ನಿಲ್ಲಿಸುತ್ತದೆ. ಅದರ ಬದಲು "ಮತ್ತೆ ಹಾಗೆ ಅನಿಸಿದರೆ ರಾತ್ರಿ ಎರಡು ಗಂಟೆಯಾದರೂ ನನ್ನನ್ನು ಎಬ್ಬಿಸು" ಎನ್ನಿ. ಎಬ್ಬಿಸಿದಾಗ ಏಳಿ.

ಮನೆಯಲ್ಲಿ ಏನೇನು ಬದಲಿಸಬೇಕು?

ಆತ್ಮಹತ್ಯೆಯ ತೀವ್ರ ತುಡಿತ ಬಹಳಷ್ಟು ಸಲ ಅಲೆಯಂತೆ ಏರಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಅಪಾಯದ ವಸ್ತು ಸಿಗದಿದ್ದರೆ ಜೀವ ಉಳಿಯುತ್ತದೆ. ಹೆತ್ತವರು ಇವತ್ತೇ ಮಾಡಬಹುದಾದ, ಖರ್ಚಿಲ್ಲದ, ಅತಿ ಮುಖ್ಯವಾದ ಕೆಲಸ ಇದು.

ಮಂಡ್ಯದ ಕಡೆ ಗದ್ದೆಗೆ, ಕಬ್ಬಿಗೆ ಹೊಡೆಯುವ ಕೀಟನಾಶಕಕ್ಕೂ ನಾವು "ಔಷಧಿ" ಎಂದೇ ಹೇಳುತ್ತೇವೆ. ಅದು ಹಗೇವಿನ ಪಕ್ಕದಲ್ಲೋ ದನದ ಕೊಟ್ಟಿಗೆಯ ಗೂಡಿನಲ್ಲೋ ಮಂಚದ ಕೆಳಗೋ ಇರುತ್ತದೆ. ಬೇಕಾದಷ್ಟನ್ನೇ ತನ್ನಿ, ಉಳಿದದ್ದನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ, ಬೀಗದ ಕೈ ದೊಡ್ಡವರ ಬಳಿಯೇ ಇರಲಿ. ಮನೆಯಲ್ಲಿ ಅಪಾಯದ ಸೂಚನೆ ಇದ್ದರೆ ಅದನ್ನು ಮನೆಯಿಂದಲೇ ಹೊರಗೆ, ನಂಬಿಕಸ್ಥರ ಬಳಿ ಇಡಿ. ಅಜ್ಜಿಯ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳಿಗೂ ಇದೇ ನಿಯಮ. ಮಗುವಿನ ಮಾತ್ರೆಯನ್ನು ನೀವೇ ಹೊತ್ತು ಹೊತ್ತಿಗೆ ಕೊಡಿ. ಕೋಣೆಗೆ ಒಳಗಿನಿಂದ ಚಿಲಕ ಹಾಕಬಾರದೆಂದು ಸ್ವಲ್ಪ ಕಾಲದ ಮಟ್ಟಿಗೆ ಒಪ್ಪಂದ ಮಾಡಿಕೊಳ್ಳಿ. ಇದನ್ನೆಲ್ಲ ಕಳ್ಳತನದಿಂದ ಮಾಡುವ ಅಗತ್ಯವಿಲ್ಲ, "ಕಷ್ಟದ ಗಳಿಗೆ ದಾಟಲಿ ಎಂದು ಮಾಡುತ್ತಿದ್ದೇವೆ" ಎಂದು ಹೇಳಿಯೇ ಮಾಡಿ.

ತೋಳಿನ ಮೇಲೆ ಬ್ಲೇಡಿನ ಗೆರೆಗಳು ಕಂಡವು. ಸಾಯಲು ಮಾಡಿದ್ದೇ?

ಹೌದೆಂದೇ ಹೇಳಲಾಗದು. ಒಳಗಿನ ತಾಳಲಾರದ ನೋವನ್ನು ಸ್ವಲ್ಪ ಹೊತ್ತು ತಗ್ಗಿಸಲು ಕೆಲವು ಮಕ್ಕಳು ಹೀಗೆ ಮಾಡಿಕೊಳ್ಳುತ್ತಾರೆ. ಆದರೆ ಹೀಗೆ ಮಾಡಿಕೊಳ್ಳುವವರಲ್ಲಿ ಮುಂದೆ ಆತ್ಮಹತ್ಯೆಯ ಅಪಾಯವೂ ಹೆಚ್ಚು, ಆದ್ದರಿಂದ ಹಗುರವಾಗಿ ಕಾಣಬೇಡಿ. ಏಪ್ರಿಲ್ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ ಬಿಡದ ಮಗುವನ್ನು ಗಮನಿಸಿ. ಗಾಯ ಕಂಡಾಗ ಹೊಡೆಯಬೇಡಿ. ಗಾಯಕ್ಕೆ ಔಷಧಿ ಹಚ್ಚಿ, ಮೇಲೆ ಹೇಳಿದ ಪ್ರಶ್ನೆ ಕೇಳಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.

ದೃಷ್ಟಿ ತಗುಲಿದೆ, ಗಾಳಿ ಸೋಕಿದೆ ಎನ್ನುತ್ತಾರೆ. ಮೊದಲು ತಾಯತ ಕಟ್ಟಿಸಿ ನೋಡೋಣವೇ?

ಚಾಮುಂಡಿ ಬೆಟ್ಟಕ್ಕೆ ಹರಕೆ ಹೊತ್ತುಕೊಳ್ಳಿ, ನಂಜನಗೂಡಿಗೆ ಹೋಗಿ ಬನ್ನಿ. ನಾನೂ ಹೋಗಿದ್ದೆ, ಮನಸ್ಸಿಗೆ ಬಲ ಬಂತು. ಆದರೆ ಅದೇ ವಾರ ಆಸ್ಪತ್ರೆಗೂ ಹೋಗಿ. "ಮೊದಲು ಇದು, ಆಮೇಲೆ ಅದು" ಎಂಬಲ್ಲಿ ತಿಂಗಳುಗಳು ಕಳೆಯುತ್ತವೆ. ಮಗುವನ್ನು ಹೊಡೆಯುವ, ಉಪವಾಸ ಕೆಡವುವ, ಹೊಗೆ ಹಾಕುವ ಕಡೆಗೆ ಮಾತ್ರ ಯಾರು ಹೇಳಿದರೂ ಕರೆದೊಯ್ಯಬೇಡಿ.

ಎಲ್ಲಿಗೆ ಹೋಗಬೇಕು? ಖರ್ಚೆಷ್ಟು?

ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ ಇದೆ, 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಜೆ.ಎಸ್.ಎಸ್. ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ. ಮಂಡ್ಯದಲ್ಲಿ ಮಿಮ್ಸ್, ಅಂದರೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿದರೆ ಸಾಕು, ಹೆಚ್ಚು ಖರ್ಚಿಲ್ಲ. ಬೆಳಿಗ್ಗೆ ಬೇಗ ಹೋಗಿ, ಸಾಲು ಉದ್ದ ಇರುತ್ತದೆ. ಹಳ್ಳಿಯಲ್ಲಿದ್ದರೆ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಾಲ್ಲೂಕು ಆಸ್ಪತ್ರೆಗೆ ಬರುವ ದಿನವನ್ನು ಅವರು ತಿಳಿಸುತ್ತಾರೆ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಇನ್ನೂ ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಪ್ರತ್ಯೇಕ ವಿಭಾಗವೇ ಇದೆ.

ಚಿಕ್ಕಂದಿನಿಂದಲೂ ಓದು ಬರಹದಲ್ಲೇ ತೊಡಕಿದ್ದು, ಬೈಗುಳ ತಿಂದು ತಿಂದು ಮಗು ಕುಗ್ಗಿಹೋಗಿದ್ದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿಕೆಯ ತೊಂದರೆ ಇದೆಯೇ ಎಂದು ಪರೀಕ್ಷೆ ಮಾಡಿಸಿ. "ದಡ್ಡ" ಎಂದು ನಾವು ಮೂಲೆಗೆ ಕೂರಿಸಿದ ಎಷ್ಟೋ ಮಕ್ಕಳಿಗೆ ಬೇಕಿದ್ದದ್ದು ಬೇರೆ ರೀತಿಯ ಪಾಠ. ಶಿಕ್ಷಕಿಯಾಗಿ ಈ ಮಾತನ್ನು ನೋವಿನಿಂದ ಬರೆಯುತ್ತಿದ್ದೇನೆ.

ನಾಲ್ಕು ಜನಕ್ಕೆ ಗೊತ್ತಾದರೆ ಮುಂದೆ ಮದುವೆಗೆ ತೊಂದರೆ ಆಗುವುದಿಲ್ಲವೇ?

ಮಂಡ್ಯದ ಬಸ್‌ನಿಲ್ದಾಣದಲ್ಲಿ ನೆಂಟರು ಸಿಕ್ಕಾರೆಂದು ಮೈಸೂರಿಗೆ ಬಂದು ತೋರಿಸುವವರಿದ್ದಾರೆ. ಹಾಗಾದರೂ ಸರಿ, ಬನ್ನಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ನಾಲ್ಕು ಜನ ಏನೆಂದಾರು ಎಂಬ ಚಿಂತೆಯಲ್ಲಿ ನಾನೇ ಮೂರು ವಾರ ಕಳೆದೆ. ಕೊನೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಮಗಳೊಂದಿಗೆ ಕುಳಿತಾಗ ಪಕ್ಕದಲ್ಲಿದ್ದವರು ನಮ್ಮದೇ ಬಡಾವಣೆಯ ತಾಯಿ ಮತ್ತು ಮಗ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವರು ತಮ್ಮ ನೀರಿನ ಬಾಟಲಿಯನ್ನು ನನ್ನ ಮಗಳ ಕಡೆ ಚಾಚಿದರು.

ಪೊಲೀಸ್ ಕೇಸು ಆಗುತ್ತದೆಯೇ?

ವಿಷ ಸೇವನೆಯಂಥ ಪ್ರಕರಣಗಳನ್ನು ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ವಾಡಿಕೆ, ಹೇಳಿಕೆ ಪಡೆಯುತ್ತಾರೆ. ಇದಕ್ಕೆ ಹೆದರಿ ಚಿಕಿತ್ಸೆ ತಡಮಾಡಬೇಡಿ. 2017ರ ಅದೇ ಕಾಯ್ದೆಯ 115ನೇ ಕಲಮಿನಂತೆ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ, ಆರೈಕೆ ಒದಗಿಸುವುದು ಸರ್ಕಾರದ ಹೊಣೆ.

ಮಾತ್ರೆ ಕೊಟ್ಟರೆ ಅಭ್ಯಾಸವಾಗಿಬಿಡುತ್ತದೆಯೇ?

ಎಲ್ಲ ಮಕ್ಕಳಿಗೂ ಮಾತ್ರೆ ಬೇಕಾಗುವುದಿಲ್ಲ. ಸೌಮ್ಯವಾಗಿದ್ದರೆ ಆಪ್ತ ಸಮಾಲೋಚನೆ, ಯೋಚನೆಯ ಜಾಡನ್ನು ತಿದ್ದುವ ಮಾತಿನ ಚಿಕಿತ್ಸೆ ಸಾಕಾಗಬಹುದು. ರಕ್ತಹೀನತೆ, ಥೈರಾಯ್ಡ್ ತೊಂದರೆ ಇದೆಯೇ ಎಂದೂ ವೈದ್ಯರು ನೋಡಬಹುದು, ಅವೂ ಸುಸ್ತು ಮಂಕು ತರುತ್ತವೆ.

ಖಿನ್ನತೆಗೆ ಕೊಡುವ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಪರಿಣಾಮ ಕಾಣಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲಿ ಮತ್ತು ಪ್ರಮಾಣ ಬದಲಿಸಿದಾಗ ಕೆಲವು ಮಕ್ಕಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಬಹುದು. ಆಗ ಹತ್ತಿರದಿಂದ ಗಮನಿಸಿ, ತಕ್ಷಣ ವೈದ್ಯರಿಗೆ ತಿಳಿಸಿ. ಸರಿಹೋಯಿತೆಂದು ನೀವೇ ಮಾತ್ರೆ ನಿಲ್ಲಿಸಬೇಡಿ, ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ.

ಫಲಿತಾಂಶದ ದಿನ ಹತ್ತಿರ ಬಂದಿದೆ. ಹೇಗೆ ನಿಭಾಯಿಸಲಿ?

ಫಲಿತಾಂಶ ಬರುವ ಮೊದಲೇ, ಒಂದು ವಾರ ಮುಂಚೆಯೇ ಹೇಳಿ: "ಎಷ್ಟೇ ಬರಲಿ, ಅಂದು ರಾತ್ರಿ ಎಲ್ಲರೂ ಒಟ್ಟಿಗೆ ಊಟ ಮಾಡುತ್ತೇವೆ." ಬಂದ ಮೇಲೆ ಹೇಳಿದರೆ ಸಮಾಧಾನದಂತೆ ಕೇಳುತ್ತದೆ, ಮೊದಲೇ ಹೇಳಿದರೆ ಮಾತು ಕೊಟ್ಟಂತೆ ಇರುತ್ತದೆ. ಆ ದಿನ ಒಬ್ಬರಾದರೂ ರಜೆ ಹಾಕಿ ಮನೆಯಲ್ಲಿರಿ. "ನಿಮ್ಮ ಮಗನಿಗೆ ಎಷ್ಟು ಬಂತು?" ಎಂಬ ನೆಂಟರ ಫೋನನ್ನು ನೀವೇ ಎತ್ತಿ, ನೀವೇ ಮುಗಿಸಿ. 2024ರಿಂದ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂತು, ಹೆಚ್ಚಿನ ಅಂಕವನ್ನೇ ಉಳಿಸಿಕೊಳ್ಳಬಹುದು. ಇದನ್ನು ಮಗುವಿಗಿಂತ ಮೊದಲು ನೀವು ಮನಸ್ಸಿಗೆ ತಂದುಕೊಳ್ಳಿ.

ನೀಟ್, ಸಿಇಟಿ ಎಂದು ಮಂಡ್ಯ, ಚಾಮರಾಜನಗರ, ಕೊಡಗಿನ ಮಕ್ಕಳು ಮೈಸೂರಿನ ಹಾಸ್ಟೆಲುಗಳಲ್ಲಿ ತುಂಬಿದ್ದಾರೆ. ಸಾಲ ಮಾಡಿ ಕಟ್ಟಿದ ಶುಲ್ಕದ ಲೆಕ್ಕ ಅವರಿಗೂ ಗೊತ್ತು, ಅದನ್ನು ನೆನಪಿಸಬೇಡಿ. ಭಾನುವಾರದ ಫೋನಿನಲ್ಲಿ ಅಂಕ ಕೇಳುವ ಮೊದಲು ಊಟ, ನಿದ್ದೆ, ಗೆಳೆಯರ ವಿಚಾರ ಕೇಳಿ. "ಮನೆಗೆ ಬರಬೇಕು ಅನಿಸುತ್ತಿದೆ" ಎಂದ ದಿನ ಕಾರಣ ಕೇಳದೆ ಬಸ್ ಹತ್ತಿ ಹೋಗಿ ಕರೆತನ್ನಿ. ಮಂಡ್ಯಕ್ಕೂ ಮೈಸೂರಿಗೂ ಇರುವುದು 45 ಕಿಲೋಮೀಟರ್.

ಮೊಬೈಲ್ ಕಿತ್ತುಕೊಂಡರೆ ಸರಿಹೋಗುತ್ತದೆಯೇ?

ರಾತ್ರಿ ಮನೆಮಂದಿಯ ಫೋನುಗಳೆಲ್ಲ ನಡುಮನೆಯಲ್ಲಿ ಮಲಗಲಿ, ನಿಮ್ಮದೂ ಸೇರಿ. ಈ ವಯಸ್ಸಿಗೆ ಎಂಟು ಗಂಟೆಯಾದರೂ ನಿದ್ದೆ ಬೇಕು. ಸಿಟ್ಟಿನಲ್ಲಿ ಕಿತ್ತುಕೊಂಡರೆ ಮಾತ್ರ ಕಷ್ಟ ಹೇಳಿಕೊಳ್ಳುವ ಒಬ್ಬ ಗೆಳೆಯನನ್ನೂ ಕಿತ್ತುಕೊಂಡಂತಾಗಬಹುದು. ಯಾರಾದರೂ ಫೋಟೊ ಇಟ್ಟುಕೊಂಡು ಬೆದರಿಸುತ್ತಿದ್ದರೆ "ತಪ್ಪು ನಿನ್ನದಲ್ಲ" ಎಂದು ಮೊದಲು ಹೇಳಿ, ಸಾಕ್ಷ್ಯ ಅಳಿಸದೆ ಸೈಬರ್ ಅಪರಾಧ ಠಾಣೆಗೆ ದೂರು ಕೊಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 1098 ಮಕ್ಕಳ ಸಹಾಯವಾಣಿ ಇದೆ. ಮಾಡಿದವನು ನೆಂಟನೇ ಆದರೂ ಮುಚ್ಚಿಡಬೇಡಿ.

ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಇನ್ನು ಮುಂದೆ?

ಬಿಡುಗಡೆಯ ನಂತರದ ಮೊದಲ ವಾರಗಳೇ ಹೆಚ್ಚು ನಾಜೂಕು. ಮರುಭೇಟಿಯ ದಿನ ತಪ್ಪಿಸಬೇಡಿ. ವೈದ್ಯರ ಅಥವಾ ಸಮಾಲೋಚಕರ ಜೊತೆ ಕುಳಿತು ಒಂದು ಹಾಳೆ ಬರೆಸಿಕೊಳ್ಳಿ: ಮನಸ್ಸು ಕೆಡುವ ಮುನ್ಸೂಚನೆಗಳೇನು, ಆಗ ಮಗು ತಾನಾಗಿ ಏನು ಮಾಡಬಹುದು, ಯಾರನ್ನು ಕರೆಯಬಹುದು, ಯಾವ ಸಂಖ್ಯೆಗೆ ಫೋನ್ ಮಾಡಬೇಕು. ನನ್ನ ಮಗಳ ಹಾಳೆಯಲ್ಲಿ ಎರಡನೆಯ ಸಾಲು "ಅಜ್ಜಿಯ ಮನೆಯ ಕರುವಿಗೆ ಹುಲ್ಲು ಹಾಕುವುದು" ಎಂದಿತ್ತು. ಮೈಸೂರಿನಲ್ಲಿ ಕರು ಎಲ್ಲಿ? ಅವಳ ಅಜ್ಜಿ ದಿನವೂ ಸಂಜೆ ವಿಡಿಯೊ ಕರೆ ಮಾಡಿ ಕರುವನ್ನು ತೋರಿಸುತ್ತಿದ್ದರು.

ಶಾಲೆಗೆ ಮರಳುವ ಮೊದಲು ಒಬ್ಬ ನಂಬಿಕೆಯ ಶಿಕ್ಷಕರಿಗೆ ವಿಷಯ ತಿಳಿಸಿ, ಮೊದಲ ವಾರ ಅರ್ಧ ದಿನ ಸಾಕೇ ಎಂದು ಕೇಳಿ. ಗೆಳೆಯರು ಕೇಳಿದರೆ ಏನು ಹೇಳಬೇಕೆಂಬುದನ್ನು ಮಗುವೇ ಆರಿಸಲಿ. "ಹುಷಾರಿರಲಿಲ್ಲ" ಎಂಬಷ್ಟೇ ಸಾಕು, ಅದು ಸುಳ್ಳೂ ಅಲ್ಲ.

ನನ್ನ ತಪ್ಪಿನಿಂದಲೇ ಹೀಗಾಯಿತೇ?

15ರಿಂದ 29 ವರ್ಷದವರ ಸಾವಿನ ಕಾರಣಗಳಲ್ಲಿ ಆತ್ಮಹತ್ಯೆ ಜಗತ್ತಿನಲ್ಲೇ ಮೂರನೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಒಂದು ಮನೆಯ ಕಥೆಯಲ್ಲ. ಖಿನ್ನತೆಗೆ ವಂಶವಾಹಿ, ಮಿದುಳಿನ ಬೆಳವಣಿಗೆ, ಕಳೆದುಕೊಂಡ ಪ್ರೀತಿ, ಅವಮಾನ, ಮನೆಯ ಜಗಳ ಎಲ್ಲವೂ ಸೇರಿಕೊಳ್ಳುತ್ತವೆ. ನಿಮ್ಮಿಂದ ತಪ್ಪಾಗಿದ್ದರೆ ಮಗುವಿನ ಬಳಿ ಕ್ಷಮೆ ಕೇಳಿ. ಡಬ್ಬಿಯ ವಿಷಯಕ್ಕೆ ನಾನು ಕೇಳಿದೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು "ಆ ಹಸುವಿಗೂ ಚಿತ್ರಾನ್ನ ಇಷ್ಟವಾಗಿತ್ತು ಅಮ್ಮ" ಎಂದಳು. ಆಮೇಲೆ ಇಬ್ಬರೂ ಅತ್ತೆವು. ನಿಮಗೂ ನಿದ್ದೆ ಬಾರದಿದ್ದರೆ, ಎದೆ ಭಾರವಾಗಿದ್ದರೆ 14416ಕ್ಕೆ ನೀವೂ ಕರೆ ಮಾಡಬಹುದು, ಅದು ಮಕ್ಕಳಿಗೆ ಮಾತ್ರ ಇರುವುದಲ್ಲ.